ಓದುಗರ ಪ್ರಶ್ನೆ: ತರಗತಿಗೆ ಒಂದೇ ಫೋನ್ ಇದ್ದರೆ

ಪ್ರಶ್ನೆ: ಐದನೇ ತರಗತಿಯಲ್ಲಿ 32 ಮಕ್ಕಳು. ಫೋನ್ ಇರುವುದು ನನ್ನದೊಂದೇ. ಆನ್‌ಲೈನ್ ಕ್ವಿಜ್ ಮಾಡಿಸಲು ದಾರಿ ಇದೆಯೇ?
– ಶಿಕ್ಷಕಿ, ಬದಿಯಡ್ಕ

ಉತ್ತರ: ಇದೆ ಟೀಚರ್. ಕಹೂಟ್‌ನಂಥ ಕ್ವಿಜ್ ತಾಣಗಳಿಗೆ ಸಾಮಾನ್ಯವಾಗಿ ಮಕ್ಕಳ ಕೈಯಲ್ಲೂ ಫೋನ್ ಬೇಕು. ನಿಮಗೆ ಹೊಂದುವುದು ಪ್ಲಿಕರ್ಸ್. ಇದರಲ್ಲಿ ಮಕ್ಕಳು ಹಿಡಿಯುವುದು ಕಾಗದದ ಕಾರ್ಡ್ ಮಾತ್ರ. ಪ್ಲಿಕರ್ಸ್ ಜಾಲತಾಣದಲ್ಲಿ ಖಾತೆ ತೆರೆದು ಮಕ್ಕಳ ಹೆಸರು ತುಂಬಿಸಿ. ಒಬ್ಬೊಬ್ಬರಿಗೂ ಒಂದು ಕಾರ್ಡ್ ನಂಬರ್ ಇರುತ್ತದೆ. ಹಾಜರಿ ಪುಸ್ತಕದ ನಂಬರನ್ನೇ ಕೊಟ್ಟರೆ ಗೊಂದಲವಿಲ್ಲ. ಕಾರ್ಡ್‌ಗಳ ಪಿಡಿಎಫ್ ಅಲ್ಲೇ ಸಿಗುತ್ತದೆ. ಎ4 ಹಾಳೆಗೆ ಎರಡರಂತೆ 16 ಹಾಳೆ ಸಾಕು.

ಕಾರ್ಡಿನ ನಡುವೆ ಕಪ್ಪು ಚೌಕಗಳ ಆಕೃತಿ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂಬ ಸಣ್ಣ ಅಕ್ಷರ. ಉತ್ತರ ‘ಬಿ’ ಎನ್ನುವ ಮಗು ‘ಬಿ’ ಬರೆದ ಬದಿಯನ್ನು ಮೇಲೆ ಮಾಡಿ ಎತ್ತಿ ಹಿಡಿಯುತ್ತದೆ. ನೀವು ನಿಮ್ಮ ಫೋನಿನಲ್ಲಿ ಹಾಕಿಕೊಂಡ ಪ್ಲಿಕರ್ಸ್ ಆ್ಯಪ್‌ನ ಕ್ಯಾಮೆರಾವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನಕ್ಕೆ ತಿರುಗಿಸಿದರೆ ಯಾರ ಉತ್ತರ ಏನೆಂದು ಫೋನಿನಲ್ಲೇ ಕಾಣುತ್ತದೆ. ಪ್ರತಿ ಕಾರ್ಡಿನ ಆಕೃತಿಯೂ ಬೇರೆ, ಆದ್ದರಿಂದ ಪಕ್ಕದವರದ್ದು ನೋಡಿ ತಿರುಗಿಸಿದರೆ ಪ್ರಯೋಜನವಿಲ್ಲ. ಕೈ ಎತ್ತಲು ನಾಚುವ ಮಗುವಿನ ಉತ್ತರವೂ ನಿಮಗೆ ಸಿಗುತ್ತದೆ; ಈ ಒಂದು ಕಾರಣಕ್ಕಾದರೂ ಇದನ್ನು ಬಳಸಬೇಕು.

ಕಾರ್ಡ್ ಓದದಿದ್ದರೆ ಹೆಚ್ಚಾಗಿ ಬೆರಳೇ ಕಾರಣ. ಹೆಬ್ಬೆರಳು ಕಪ್ಪು ಭಾಗದ ಮೇಲೆ ಬಿದ್ದರೆ ಆಕೃತಿ ಕೆಡುತ್ತದೆ, ಬಿಳಿ ಅಂಚಿನಲ್ಲೇ ಹಿಡಿಯಲು ಹೇಳಿ. ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ: ಕಿಟಕಿಯ ಬೆಳಕು ಬಿದ್ದು ಕಪ್ಪೇ ಬಿಳಿಯಾಗಿ ಕಾಣುತ್ತದೆ. ದಪ್ಪ ರಟ್ಟಿಗೆ ಅಂಟಿಸಿದರೆ ವರ್ಷವಿಡೀ ಬರುತ್ತದೆ. ಪ್ರೊಜೆಕ್ಟರ್ ಇಲ್ಲದಿದ್ದರೆ ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯಿರಿ.

ಪ್ರಶ್ನೆ: ಗೂಗಲ್ ಫಾರ್ಮ್ಸ್‌ನ ಕ್ವಿಜ್‌ನಲ್ಲಿ ಸರಿಯಾದ ಕನ್ನಡ ಉತ್ತರಕ್ಕೂ ಸೊನ್ನೆ ಬೀಳುತ್ತದೆ. ಯಾಕೆ?
– ಸಮಾಜ ವಿಜ್ಞಾನ ಶಿಕ್ಷಕ, ಉಪ್ಪಳ

ಉತ್ತರ: ಫಾರ್ಮ್ಸ್ ಅರ್ಥ ನೋಡುವುದಿಲ್ಲ ಮಾಸ್ಟ್ರೇ, ನೀವು ಕೊಟ್ಟ ಉತ್ತರದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಉತ್ತರ ‘ಚಂದ್ರಗಿರಿ’ ಎಂದಿಟ್ಟರೆ ‘ಚಂದ್ರಗಿರಿ ಹೊಳೆ’ ತಪ್ಪಾಗುತ್ತದೆ. ಕಣ್ಣಿಗೆ ಕಾಣದ ತೊಂದರೆ ಇನ್ನೊಂದು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿ ‘ಚ೦ದ್ರಗಿರಿ’ ಎಂದು ಬರೆಯುವವರಿದ್ದಾರೆ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅರ್ಕಾವತ್ತು ಹಾಕಿದ ‘ಸೂರ್ಯ’, ಯವೊತ್ತು ಹಾಕಿದ ‘ಸೂರ‍್ಯ’ ಕೂಡ ಹಾಗೆಯೇ. ಕಾಸರಗೋಡು ಜಿಲ್ಲೆಯಾದ ವರ್ಷ ಕೇಳಿದರೆ 1984, ೧೯೮೪ ಎರಡೂ ಬರುತ್ತವೆ.

ಒಂದು ಪ್ರಶ್ನೆಗೆ ಹಲವು ಸರಿ ಉತ್ತರ ಸೇರಿಸಲು ಫಾರ್ಮ್ಸ್‌ನಲ್ಲಿ ಅವಕಾಶವಿದೆ, ಈ ರೂಪಗಳನ್ನೆಲ್ಲ ಸೇರಿಸಿ. ಸರಿ ಬರೆದ ಮಗುವಿಗೆ ಸೊನ್ನೆ ಬೀಳುವುದು ಅನ್ಯಾಯ, ಆದ್ದರಿಂದ ಅಂಕ ತಕ್ಷಣ ತೋರಿಸುವ ಬದಲು ನೀವು ನೋಡಿದ ಮೇಲೆ ಬಿಡುಗಡೆ ಮಾಡುವ ಆಯ್ಕೆಯನ್ನೇ ಇಟ್ಟುಕೊಳ್ಳಿ. ಪದ ಬರೆಸಲೇಬೇಕೆಂದಿಲ್ಲದ ಕಡೆ ಬಹು ಆಯ್ಕೆಯ ಪ್ರಶ್ನೆ ಕೊಡಿ.

ಪ್ರಶ್ನೆ: ವಿಜ್ಞಾನ ಪ್ರಯೋಗಗಳನ್ನು ಕನ್ನಡದಲ್ಲಿ, ನೆಟ್ ಇಲ್ಲದೆ ತೋರಿಸಬಹುದೇ?
– ಪ್ರೌಢಶಾಲಾ ಶಿಕ್ಷಕಿ, ಮುಳ್ಳೇರಿಯ

ಉತ್ತರ: ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ (PhET) ತಾಣ ನೋಡಿ. ಕಂಪ್ಯೂಟರಿನ ಪರದೆಯಲ್ಲೇ ಮಾಡಿ ನೋಡುವ ಅಲ್ಲಿನ ಹಲವು ಪ್ರಯೋಗಗಳು ಕನ್ನಡಕ್ಕೆ ಬಂದಿವೆ. ಬೇಕಾದ ಪ್ರಯೋಗದ ಪುಟದ ಅನುವಾದ ಪಟ್ಟಿಯಲ್ಲಿ ಕನ್ನಡ ಹುಡುಕಿ ಡೌನ್‌ಲೋಡ್ ಮಾಡಿದರೆ ಒಂದೇ ಎಚ್‌ಟಿಎಂಎಲ್ ಕಡತ ಸಿಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು ಶಾಲೆಯ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ, ನೆಟ್ ಬೇಡ. ಓಮ್‌ನ ನಿಯಮದಿಂದ ಆರಂಭಿಸಬಹುದು. 4.5 ವೋಲ್ಟ್, 500 ಓಮ್ ಇಟ್ಟರೆ 9 ಮಿಲಿಆಂಪಿಯರ್ ತೋರಿಸುತ್ತದೆ. ರೋಧವನ್ನು 1000ಕ್ಕೆ ಎಳೆಯುವ ಮೊದಲು ಉತ್ತರ ಎಷ್ಟಾದೀತೆಂದು ಮಕ್ಕಳು ಪುಸ್ತಕದಲ್ಲಿ ಬರೆದಿರಲಿ. ಬರೆಯದೆ ನೋಡಿದರೆ ಅದು ಬರೀ ಚಿತ್ರ.

ಪ್ರಶ್ನೆ: ಮಲಯಾಳದ ಸುತ್ತೋಲೆಗಳನ್ನು ಹೆತ್ತವರಿಗೆ ಕನ್ನಡದಲ್ಲಿ ತಿಳಿಸಲು ಸುಲಭ ದಾರಿ?
– ಮುಖ್ಯ ಶಿಕ್ಷಕ, ಕುಂಬಳೆ

ಉತ್ತರ: ಗೂಗಲ್ ಲೆನ್ಸ್‌ನಲ್ಲಿ ಅನುವಾದ ಆರಿಸಿ ಸುತ್ತೋಲೆಯ ಫೋಟೊ ತೆಗೆಯಿರಿ. ಬಂದದ್ದನ್ನು ಹಾಗೆಯೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ದಿನಾಂಕ, ಆದೇಶ ಸಂಖ್ಯೆ, ಯೋಜನೆಯ ಹೆಸರುಗಳನ್ನು ಮಲಯಾಳ ಬಲ್ಲ ಸಹೋದ್ಯೋಗಿಯೊಬ್ಬರು ಮೂಲದೊಂದಿಗೆ ಹೋಲಿಸಿ ನೋಡಲಿ.