ಪಿಎಚ್.ಡಿ ಮಾಡಲಾ, ವ್ಯವಸ್ಥೆ ಬದಲಿಸೋ ಸಂಸ್ಥೆ ಸೇರಲಾ?

ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಚಿಕ್ಕ ಮಕ್ಕಳ ಬೆಳವಣಿಗೆ ಕ್ಷೇತ್ರಕ್ಕೆ ಬರಬೇಕು ಅಂತಿದ್ದೀರಿ, ಪಿಎಚ್.ಡಿ, ಸಂಸ್ಥೆ ಎರಡರಲ್ಲಿ ಒಂದನ್ನು ಆರಿಸಿ ಹೇಳಿ ಅಂತ ಕೇಳಿದ್ದೀರಿ. ಇವು ಎರಡು ದಾರಿಗಳೇ ಅಲ್ಲ. ನಾನೂ ನಿಮ್ಮ ಹಾಗೇ ಅಂದುಕೊಂಡು ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿಗೆ ಹೋದವನು.

2018ರಲ್ಲಿ ನೀತಿ ಆಯೋಗ ರಾಯಚೂರನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ವಿಶೇಷ ಗಮನ ಕೊಟ್ಟು ಮೇಲೆತ್ತಬೇಕಾದ ಹಿಂದುಳಿದ ಜಿಲ್ಲೆಗಳ, ಪಟ್ಟಿಗೆ ಸೇರಿಸಿದ ಮೇಲೆ ಎಲ್ಲರಿಗೂ ಅಂಕಿ-ಅಂಶ ಬೇಕಿತ್ತು. ನಮ್ಮ ತಂಡ ಅಂಗನವಾಡಿ ಮಕ್ಕಳ ತೂಕ, ಎತ್ತರ, ಮಾತು, ಆಟ ಎಲ್ಲವನ್ನೂ ಎರಡು ಸುತ್ತಿನಲ್ಲಿ ಅಳೆಯಿತು. ಮೊದಲ ಸುತ್ತು ಆಗಸ್ಟಿನಲ್ಲಿ, ಆಮೇಲೆ ಕಾರ್ಯಕರ್ತೆಯರಿಗೆ ತರಬೇತಿ, ಎರಡನೇ ಸುತ್ತು ಫೆಬ್ರವರಿಯಲ್ಲಿ. ಸರಾಸರಿ ಚೆನ್ನಾಗಿ ಏರಿತ್ತು. ತರಬೇತಿ ಫಲ ಕೊಟ್ಟಿದೆ ಅಂತ ವರದಿ ಬರೆದೆವು.

ತಪ್ಪಾಗಿದ್ದು ಅಲ್ಲೇ. ಮುಂಗಾರು ಬೆಳೆ ಮುಗಿದ ಮೇಲೆ ಹೊಲ ಇಲ್ಲದವರು, ಮಳೆ ನಂಬಿದ ತುಂಡು ಹೊಲದವರು ಮಕ್ಕಳನ್ನು ಕರಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗ್ತಾರೆ. ತಿರುಗಿ ಬರೋದು ಯುಗಾದಿಗೋ, ಮಳೆ ಬಿದ್ದ ಮೇಲೋ. ಹಾಗಾಗಿ ಆಗಸ್ಟಿನಲ್ಲಿ ತೂಗಿದ ಕಡುಬಡವರ, ತೀರಾ ಕಡಿಮೆ ತೂಕದ ಮಕ್ಕಳೇ ಫೆಬ್ರವರಿಯ ಲೆಕ್ಕದಲ್ಲಿ ಇರಲಿಲ್ಲ. ಉಳಿದವರಲ್ಲಿ ಕಾಲುವೆ ನೀರು ಕಂಡ ಮನೆಯ ಮಕ್ಕಳೇ ಹೆಚ್ಚು. ಒಂದು ಮಗುವೂ ಸುಧಾರಿಸದಿದ್ದರೂ ಸರಾಸರಿ ಏರುತ್ತಿತ್ತು! ನಮ್ಮ ಟ್ಯಾಬಿನಲ್ಲಿ ಇದ್ದಿದ್ದು ಹಾಜರು, ಗೈರು ಎರಡೇ. ಗೈರಾದವರನ್ನು ಲೆಕ್ಕದಿಂದ ತೆಗೆದುಬಿಟ್ಟಿದ್ದೆವು. ಕಾರ್ಯಕರ್ತೆಯ ಹಾಜರಿ ಪುಸ್ತಕದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಎಲ್ಲಾ ಇತ್ತು: ಯಾವ ಮಗು, ಯಾರ ಜೊತೆ, ಯಲಹಂಕದ ಕಡೆ ಯಾವ ಮೇಸ್ತ್ರಿ ಹತ್ತಿರ. "ನೀವು ಕೇಳಲೇ ಇಲ್ಲಲ್ರಿ ಸರ" ಅಂದರು. ವರದಿ ವಾಪಸ್ ತಗೊಂಡೆವು, ಮುಂದಿನ ಅನುದಾನ ನಿಂತಿತು, ಅದನ್ನೇ ನಂಬಿದ್ದ ನನ್ನ ಪಿಎಚ್.ಡಿಯೂ ಹೋಯಿತು.

ಈಗ ಅಂಗನವಾಡಿಗಳ ಲೆಕ್ಕ ಇಡುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಬೇರೆ ಅಂಗನವಾಡಿಗೆ ವರ್ಗಾಯಿಸಬಹುದು. ಆದರೆ ಬೆಂಗಳೂರಿನಲ್ಲಿ ತಾವಿರುವ ಕೂಲಿಗಳ ಶೆಡ್ಡಿನ ಹತ್ತಿರ ಅಂಗನವಾಡಿ ಎಲ್ಲಿದೆ ಅಂತ ತಾಯಿಗೆ ಗೊತ್ತಿರಲ್ಲ, ಹೊಸ ಮಗು ಬಂದಿದೆ ಅಂತ ಅಲ್ಲಿನ ಕಾರ್ಯಕರ್ತೆಗೂ ಗೊತ್ತಾಗಲ್ಲ. ವ್ಯವಸ್ಥೆ ಕೈಬಿಡೋದು ಇಲ್ಲಿ. 2023ರಲ್ಲಿ ಸರ್ಕಾರ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಊರಲ್ಲೇ ಕೂಲಿ, ಊರಲ್ಲೇ ಕೂಸಿಗೆ ಜಾಗ ಸಿಕ್ಕರೆ ಎಷ್ಟು ಮನೆಯವರು ಗುಳೆ ಬಿಡ್ತಾರೆ? ಪಿಎಚ್.ಡಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಕಾಣಲ್ಲ. ಉತ್ತರ ಸಿಕ್ಕರೆ ಪಂಚಾಯಿತಿಯ ಕ್ರಿಯಾಯೋಜನೆಯೇ ಬದಲಾಗುತ್ತೆ.

ಹಾಗಾಗಿ ಪಿಎಚ್.ಡಿ ಅರ್ಜಿ ಸದ್ಯಕ್ಕೆ ಬದಿಗಿಡಿ. ಮಸ್ಕಿ, ಲಿಂಗಸುಗೂರು, ದೇವದುರ್ಗ, ಎಲ್ಲಾದರೂ ಸರಿ, ಗುಳೆ ಹೋಗೋ ಕಾಲ, ಬರೋ ಕಾಲ ಎರಡೂ ಕಾಣುವ ಹಾಗೆ ಒಂದೇ ಊರಲ್ಲಿ ಇರಿ. ಸಂಸ್ಥೆ ಸೇರೋದಾದರೆ ಸಂದರ್ಶನದಲ್ಲಿ ನೀವೇ ಕೇಳಿ: ಫೆಬ್ರವರಿಯಲ್ಲಿ ಊರಲ್ಲಿಲ್ಲದ ಮಕ್ಕಳನ್ನು ನೀವು ಹೇಗೆ ಲೆಕ್ಕ ಹಿಡಿತೀರಿ? ನೇರ ಉತ್ತರ ಬರದಿದ್ದರೆ ಸಂಬಳ ಎಷ್ಟೇ ಇರಲಿ, ಸೇರಬೇಡಿ.