ಓದುಗರ ಪ್ರಶ್ನೆ: ಎರೆ, ಮಸಾರಿ ಹೊಲಕ್ಕೆ ಯಾವ ಮೆಟಲ್ ಡಿಟೆಕ್ಟರ್?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು 6 ಎಕರೆ, ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಬದುವಿನಾಚೆ ಹಾಳೂರಿನ ದಿಬ್ಬವಿದೆ. ಉಳುವಾಗ ಹಳೆ ತಾಮ್ರದ ಬಿಲ್ಲೆ, ಕಬ್ಬಿಣದ ತುಂಡು ಸಿಗುತ್ತಿರುತ್ತವೆ. ಒಂದು ಮೆಟಲ್ ಡಿಟೆಕ್ಟರ್ ಕೊಳ್ಳಬೇಕೆಂದಿದ್ದೇನೆ. ಮಾರುವವರೊಬ್ಬರು 20 ಅಡಿ ಆಳದ ಬಂಗಾರವನ್ನೂ ತೋರಿಸುವ ಯಂತ್ರವಿದೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ನಂಬಬೇಡಿ. 20 ಅಡಿ ಆಳದ ನಾಣ್ಯವನ್ನು ಕಾಣುವ ಕೈಯಂತ್ರ ಜಗತ್ತಿನಲ್ಲೇ ಇಲ್ಲ. ಎರಡು ಕಡ್ಡಿ ಇಟ್ಟುಕೊಂಡು ದೂರದಿಂದಲೇ ಬಂಗಾರದ ದಿಕ್ಕು ತೋರಿಸುತ್ತದೆ ಎನ್ನುವಂಥವಂತೂ ಶುದ್ಧ ಮೋಸ. 28 ಸೆಂ.ಮೀ. ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆಯಂಥ ಭಾಗ) ಇರುವ ಸಾಮಾನ್ಯ ಯಂತ್ರ ಒಳ್ಳೆಯ ಮಣ್ಣಿನಲ್ಲಿ ರೂಪಾಯಿ ಗಾತ್ರದ ನಾಣ್ಯವನ್ನು ಸುಮಾರು 20ರಿಂದ 25 ಸೆಂ.ಮೀ. ಆಳದಲ್ಲಿ ಹಿಡಿಯುತ್ತದೆ. ಕಬ್ಬಿಣಾಂಶದ ಕೆಂಪು ನೆಲದಲ್ಲಿ ಅದರ ಅರ್ಧಕ್ಕೂ ಇಳಿಯಬಹುದು. ರೆಂಟೆ ಹೊಡೆದ ಹೊಲದಲ್ಲಿ ಇಷ್ಟು ಸಾಕು, ಏಕೆಂದರೆ ಮಣ್ಣು ಮೇಲೆ ಕೆಳಗಾಗುವುದೂ ಅಷ್ಟೇ ಆಳಕ್ಕೆ.

ಹಾಗಾಗಿ ಆಳದ ಅಂಕಿ ನೋಡಿ ಕೊಳ್ಳಬೇಡಿ, ನಿಮ್ಮ ಮಣ್ಣು ನೋಡಿ ಕೊಳ್ಳಿ. ಯಂತ್ರದ ಕಾಯಿಲ್ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ; ಲೋಹ ಅದಕ್ಕೆ ಉತ್ತರ ಕೊಡುತ್ತದೆ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳಿರುವ ಮಣ್ಣೂ ಉತ್ತರ ಕೊಡುತ್ತದೆ. ಮಣ್ಣಿನ ಆ ಸದ್ದನ್ನು ಕಳೆಯುವುದೇ ಗ್ರೌಂಡ್ ಬ್ಯಾಲೆನ್ಸ್. ಅಗ್ಗದ ಯಂತ್ರಗಳಲ್ಲಿ ಅದನ್ನು ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಕೂರಿಸಿರುತ್ತಾರೆ, ಬದಲಿಸಲಾಗದು. ಗ್ಯಾರೆಟ್ ಏಸ್ 250 ಇಂಥದ್ದು. ಆಟದ ಮೈದಾನಕ್ಕೆ ಅದು ಸರಿ, ಎರೆಯಿಂದ ಮಸಾರಿಗೆ ದಾಟುವ ನಿಮ್ಮ ಹೊಲಕ್ಕೆ ತೊಡಕು. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್‌ನಲ್ಲಿ (12 ಕಿಲೋಹರ್ಟ್ಜ್, 28 ಸೆಂ.ಮೀ. ಕಾಯಿಲ್, ತೂಕ 1.3 ಕೆ.ಜಿ.) ಕೈಯಾರೆ ಹೊಂದಿಸಬಹುದು. ಮಿನೆಲ್ಯಾಬ್ ವ್ಯಾಂಕ್ವಿಶ್ ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸಿ ತಾನೇ ಹೊಂದಿಸಿಕೊಳ್ಳುತ್ತದೆ. ಮೊದಲ ಯಂತ್ರ ಈ ಎರಡು ಬಗೆಯಲ್ಲಿ ಒಂದಾಗಿರಲಿ. ಕಾಯಿಲ್ ಮಾತ್ರ 'ಡಬಲ್ ಡಿ' ಮಾದರಿಯದೇ ಬೇಕು. ಅದು ನೆಲವನ್ನು ಕತ್ತಿಯಂತೆ ತೆಳ್ಳಗೆ ಸೀಳಿ ನೋಡುವುದರಿಂದ ಮಣ್ಣಿನ ಗದ್ದಲ ಕಡಿಮೆ.

ಕೊಳ್ಳಲು ಹೋಗುವಾಗ ಎರೆ ಮಣ್ಣು 2 ಕೆ.ಜಿ., ಮಸಾರಿ 2 ಕೆ.ಜಿ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ. ಜೊತೆಗೆ ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿ ಮುಚ್ಚಳ, ಗುಟ್ಕಾ ಚೀಟಿ, ತಾಮ್ರದ ಬಿಲ್ಲೆ, ಬೆರಳ ಉಂಗುರ. ಬರೀ ಮಣ್ಣಿಗೆ ಯಂತ್ರ ಕೂಗಿದರೆ ಗ್ರೌಂಡ್ ಬ್ಯಾಲೆನ್ಸ್ ಮಾಡಿ ತೋರಿಸಲು ಹೇಳಿ. ಆಮೇಲೂ ಕೂಗಿದರೆ ಅದನ್ನು ಬಿಟ್ಟುಬಿಡಿ. ಉಂಗುರಕ್ಕೂ ಗುಟ್ಕಾ ಚೀಟಿಯ ಅಲ್ಯೂಮಿನಿಯಂ ಹಾಳೆಗೂ ಪರದೆಯಲ್ಲಿ (ಲೋಹಕ್ಕೆ ತಕ್ಕಂತೆ ಅಲ್ಲೊಂದು ಅಂಕಿ ಮೂಡುತ್ತದೆ) ಹತ್ತಿರ ಹತ್ತಿರದ ಅಂಕಿ ಬರುವುದನ್ನು ಅಲ್ಲೇ ಗಮನಿಸಿ. ಕಸ ಬೇಡವೆಂದು ಆ ಅಂಕಿಗಳಿಗೆ ಯಂತ್ರ ಕೂಗದಂತೆ ಮಾಡಿದರೆ ಉಂಗುರವೂ ಹೋಗುತ್ತದೆ. ಬಂಗಾರವನ್ನಷ್ಟೇ ಹೇಳುವ ಬಟನ್ ಯಾವ ಯಂತ್ರದಲ್ಲೂ ಇಲ್ಲ.

ಹೊಲದಲ್ಲಿ ಮೊದಲು ಲೋಹವಿಲ್ಲದ ಜಾಗ ಹುಡುಕಿ. ಗ್ರೌಂಡ್ ಬ್ಯಾಲೆನ್ಸ್ ಬಟನ್ ಒತ್ತಿ ಹಿಡಿದು, ಕಾಯಿಲನ್ನು ನೆಲದಿಂದ 3 ಸೆಂ.ಮೀ. ಮತ್ತು 15 ಸೆಂ.ಮೀ. ನಡುವೆ ಮೇಲೆ ಕೆಳಗೆ ಆಡಿಸಿ. ಸದ್ದು ಅಡಗಿದ ಮೇಲೆ ಬಟನ್ ಬಿಡಿ. ಮಣ್ಣಿನ ಬಣ್ಣ ಬದಲಾದಲ್ಲಿ ಮತ್ತೆ ಮಾಡಿ. ಬೀಸುವಾಗ ಕಾಯಿಲ್ ನೆಲಕ್ಕೆ ಸಮವಾಗಿರಲಿ. ಕೊನೆಯಲ್ಲಿ ಮೇಲಕ್ಕೆ ಎತ್ತುವುದು ಹೊಸಬರೆಲ್ಲರ ತಪ್ಪು. ಸದ್ದು ಬಂದರೆ ಪಕ್ಕಕ್ಕೆ ತಿರುಗಿ ಅಡ್ಡಡ್ಡ ಬೀಸಿ. ನಾಣ್ಯವಾದರೆ ಎರಡೂ ಕಡೆಯಿಂದ ಬಹುತೇಕ ಅದೇ ಅಂಕಿ, ಸೊಟ್ಟ ಮೊಳೆಯಾದರೆ ಅಂಕಿ ಹಾರಾಡುತ್ತದೆ. ಬಂಡಿ ಗಾಲಿಯ ಹಳಿಯಂಥ ದೊಡ್ಡ ಕಬ್ಬಿಣ ಮಾತ್ರ ಬೆಳ್ಳಿಯ ಅಂಕಿ ತೋರಿಸಿ ಏಮಾರಿಸುತ್ತದೆ. ಕಾಯಿಲ್ 30 ಸೆಂ.ಮೀ. ಎತ್ತಿದರೂ ಸದ್ದು ಕುಗ್ಗದಿದ್ದರೆ ಅದು ನಾಣ್ಯವಲ್ಲ.

ಇನ್ನು ದಿಬ್ಬದ ವಿಚಾರ. ಅಲ್ಲಿ ಕಾಯಿಲ್ ಇಡಬೇಡಿ. ಅಲ್ಲಿನ ಮಡಕೆ ಚೂರು, ಬೂದಿ, ಲೋಹ ಯಾವ ಪದರದಲ್ಲಿವೆ ಎಂಬುದರಿಂದಲೇ ಕಾಲ ತಿಳಿಯುವುದು. ಒಮ್ಮೆ ಬಗೆದರೆ ಆ ಲೆಕ್ಕ ಹೋಯಿತು. ಈ ಸೀಮೆಯಲ್ಲಿ ಬಂಗಾರಕ್ಕಿಂತ ಬೆಲೆಬಾಳುವುದು ಮಣ್ಣಿನ ಮೇಲೇ ಇರುತ್ತದೆ: ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಪ್ರಾಚೀನ ಕಲ್ಲುಸಮಾಧಿಗಳಿರುವ ಹಿರೇಬೆಣಕಲ್‌ನಂಥ ಸಂರಕ್ಷಿತ ತಾಣದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ. ನಿಮ್ಮದೇ ಹೊಲದಲ್ಲಿ ನಿಧಿ ಸಿಕ್ಕರೂ ಅದು ನಿಮ್ಮದಾಗಿಬಿಡುವುದಿಲ್ಲ. ಏನು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರ ಸೀಮೆ. ನಿಮ್ಮ ತಾಮ್ರದ ಬಿಲ್ಲೆ ಆ ಕಾಲದ್ದೂ ಆಗಿರಬಹುದು. ಹುಣಸೆಹಣ್ಣಿನಿಂದ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತದೆ.

ಪ್ರಶ್ನೆ: ಸಿಂಧನೂರಿನ ಕಾಲುವೆ ಪಕ್ಕದ ಗದ್ದೆ ನಮ್ಮದು. ಯಂತ್ರ ತಂದು ವಾರವಾಯಿತು, ಎಲ್ಲಿ ಇಟ್ಟರೂ ಕೂಗುತ್ತದೆ. ಕೆಟ್ಟಿದೆಯೇ?

ಉತ್ತರ: ಕಾಯಿಲನ್ನು ಸೊಂಟದೆತ್ತರಕ್ಕೆ ಎತ್ತಿ ಅಲುಗಿಸದೆ ಹಿಡಿಯಿರಿ. ಆಗಲೂ ಕೂಗಿದರೆ ಕಾರಣ ವಿದ್ಯುತ್ತು: ಮೇಲಿನ ತಂತಿ, ಪಂಪ್‌ಸೆಟ್, ಟಿ.ಸಿ. (ಟ್ರಾನ್ಸ್‌ಫಾರ್ಮರ್), ಜೇಬಿನ ಮೊಬೈಲ್. ಫೋನ್ ಆರಿಸಿ, ಫ್ರೀಕ್ವೆನ್ಸಿ ಒಂದು ಮೆಟ್ಟಿಲು ಬದಲಿಸಿ, ತ್ರೀಫೇಸ್ ಹೋದ ಹೊತ್ತಿನಲ್ಲಿ ಹುಡುಕಿ. ಮೇಲೆತ್ತಿದಾಗ ಸುಮ್ಮನಿದ್ದು ನೆಲಕ್ಕೆ ತಂದಾಗ ಮಾತ್ರ ಕೂಗಿದರೆ ಕಾರಣ ಸವಳು. ಉಪ್ಪು ತುಂಬಿದ ಒದ್ದೆ ಎರೆ ಸ್ವತಃ ಕರೆಂಟ್ ಹರಿಸುತ್ತದೆ, ಯಂತ್ರಕ್ಕೆ ಅದು ಸಮುದ್ರದ ದಂಡೆ ಇದ್ದಂತೆ. ಸೆನ್ಸಿಟಿವಿಟಿ ಎರಡು ಮೆಟ್ಟಿಲು ಇಳಿಸಿ, ಕಾಯಿಲ್ 5 ಸೆಂ.ಮೀ. ಮೇಲಿರಲಿ, ನೆಲ ಆರಿದ ಮೇಲೆ ಹೋಗಿ. ಆದರೆ ತೀರಾ ಬೇಸಿಗೆಗೆ ಕಾಯಬೇಡಿ. ಎರೆ ಬಿರಿದು ಬಿರುಕಿನ ಮೇಲೆ ಕಾಯಿಲ್ ದಾಟಿದಾಗಲೂ ಸುಳ್ಳು ಸದ್ದು ಬರುತ್ತದೆ. ಕಾಯಿಲ್ ವೈರು ಸಡಿಲವಾಗಿ ಜೋತಾಡುತ್ತಿದೆಯೇ ಎಂದೂ ನೋಡಿ, ಕೋಲಿಗೆ ಬಿಗಿಯಾಗಿ ಸುತ್ತಿ.

ಪ್ರಶ್ನೆ: ಸಂಡೂರು ಕಡೆಯ ಕೆಂಪು ನೆಲದಲ್ಲಿ ಬರೀ ಕಲ್ಲಿಗೇ ಸದ್ದು ಬರುತ್ತದೆ. ಪರಿಹಾರ?

ಉತ್ತರ: ಅದು ಅದಿರಿನ ಕಲ್ಲು. ಸುತ್ತಲ ಮಣ್ಣಿಗಿಂತ ಕಬ್ಬಿಣಾಂಶ ಬೇರೆಯಾದ ಕಲ್ಲು ಲೋಹದಂತೆಯೇ ಕೂಗುತ್ತದೆ. ಕಲ್ಲನ್ನು ಕಾಲಿನಿಂದ ಸರಿಸಿ. ಸದ್ದು ಅದರ ಜೊತೆ ಹೋದರೆ ಅಗೆಯುವ ಕೆಲಸವಿಲ್ಲ. 28ರ ಬದಲು 15ರಿಂದ 20 ಸೆಂ.ಮೀ. ಕಾಯಿಲ್ ಹಾಕಿದರೆ ಗದ್ದಲ ತಗ್ಗುತ್ತದೆ, ಆಳವೂ ತಗ್ಗುತ್ತದೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ (ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಕಳಿಸುವ) ಯಂತ್ರ ಚೆನ್ನ, ಆದರೆ ಕಬ್ಬಿಣ ಬೇರ್ಪಡಿಸುವುದರಲ್ಲಿ ಹಿಂದೆ. ಮೊದಲ ಯಂತ್ರವಾಗಿ ಬೇಡ.

ಪ್ರಶ್ನೆ: ಸಿರುಗುಪ್ಪದ ನಮ್ಮ ಕಣದಲ್ಲಿ ಮಗಳ ಕಿವಿಯೋಲೆ ಬಿದ್ದಿದೆ. ಬಾಡಿಗೆ ಯಂತ್ರ ತಂದರೆ ಸಿಕ್ಕೀತೇ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿದೆ, ಆದರೆ ಅಷ್ಟು ಚಿಕ್ಕದು 8-10 ಸೆಂ.ಮೀ. ದಾಟಿ ಕಾಣುವುದಿಲ್ಲ. ಅದಕ್ಕೇ ಕಣ ಗುಡಿಸಬೇಡಿ, ಟ್ರ್ಯಾಕ್ಟರ್ ಓಡಿಸಬೇಡಿ. ಮೀಟರಿಗೊಂದರಂತೆ ಹಗ್ಗ ಕಟ್ಟಿ, ಒಂದೊಂದು ಪಟ್ಟಿಯಲ್ಲೂ ಹಿಂದಿನ ಬೀಸಿನ ಅರ್ಧದಷ್ಟು ಮತ್ತೆ ಮುಚ್ಚುವಂತೆ ನಿಧಾನ ಬೀಸಿ. ಜೋಡಿ ಓಲೆ ಮನೆಯಲ್ಲಿದೆಯಲ್ಲ, ಮೊದಲು ಅದನ್ನೇ ನೆಲದ ಮೇಲಿಟ್ಟು ಅಂಕಿ ನೋಡಿಕೊಳ್ಳಿ. ಹೊಟ್ಟಿನ ರಾಶಿಯನ್ನು ಬುಟ್ಟಿ ಬುಟ್ಟಿಯಾಗಿ ತೆಗೆದು ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಹರವಿ ನೋಡಿ.