ಮೈಕ್ರೋಪ್ಲಾಸ್ಟಿಕ್ ಎಣಿಸಲು ಯೊಲೊನಾ, ಯು-ನೆಟ್ಟಾ? ನನ್ನ ಹತ್ತಿರ 200 ಫೋಟೋ ಇವೆ

ಯೊಲೊ, ಯು-ನೆಟ್ ಎರಡೂ ಚಿತ್ರದಲ್ಲಿನ ವಸ್ತುಗಳನ್ನು ಗುರುತಿಸಲು ಕಲಿಯುವ ಎಐ ಮಾಡೆಲ್‌ಗಳು. ಸದ್ಯಕ್ಕೆ ಎರಡೂ ಬೇಡ. ನಾನೂ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಹೀಗೇ ಒಂದಷ್ಟು ಫೋಟೋ ಗುಡ್ಡೆ ಹಾಕಿಕೊಂಡು ಯಾವ ಮಾಡೆಲ್ ಅಂತ ಹುಡುಕುತ್ತಾ ಕೂತಿದ್ದೆ. ಕೆಟ್ಟಿದ್ದು ಮಾಡೆಲಿನಿಂದಲ್ಲ.

ಕೆರೆ ನೀರು ತಂದು, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಪಾಚಿ, ಎಲೆಚೂರು ಕರಗಿಸಿ, ಸೋಸಿ, ಫಿಲ್ಟರ್ ಮೇಲೆ ಉಳಿದದ್ದಕ್ಕೆ ನೈಲ್ ರೆಡ್ ಹಾಕುತ್ತಿದ್ದೆ. ಆ ಬಣ್ಣ ಪ್ಲಾಸ್ಟಿಕ್ಕಿಗೆ ಹಿಡಿಯುತ್ತದೆ. ಕೋಣೆ ಕತ್ತಲು ಮಾಡಿ ನೀಲಿ ಬೆಳಕು ಬಿಟ್ಟು, ಕಿತ್ತಳೆ ಗಾಜಿನ ಮೂಲಕ ನೋಡಿದರೆ ಕಣಗಳು ಕೆಂಡದ ಚೂರಿನ ಹಾಗೆ ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು. ಫೋಟೋ ತೆಗೆದು ಇಮೇಜ್‌ಜೆ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರಿಗೆ ಹಾಕಿದೆ, ಆಟೋ ಥ್ರೆಶೋಲ್ಡ್ (ಎಷ್ಟು ಹೊಳಪಿದ್ದರೆ ಕಣ ಅನ್ನುವ ಗಡಿಯನ್ನು ಅದೇ ಗೊತ್ತುಮಾಡುತ್ತದೆ) ಒತ್ತಿದೆ, ಬಂದ ಸಂಖ್ಯೆ ಬರೆದುಕೊಂಡೆ. ನಾಲ್ಕು ತಿಂಗಳು ಇದೇ ಕೆಲಸ.

ತಪ್ಪು ಆ ಒತ್ತಿದ್ದರಲ್ಲಿತ್ತು. ನಾನು ಆರಿಸಿದ್ದು ಓಟ್ಸು ವಿಧಾನ, 1979ರದು. ಅದು ಪಿಕ್ಸೆಲ್‌ಗಳನ್ನು ಕಪ್ಪು-ಬಿಳುಪು ಅಂತ ಎರಡು ಪಾಲು ಮಾಡುತ್ತದೆ. ಚಿತ್ರದಲ್ಲಿ ನಿಜವಾಗಿ ಎರಡು ಪಾಲು ಇದೆಯೋ ಇಲ್ಲವೋ ಅಂತ ಕೇಳುವುದಿಲ್ಲ, ಮಾಡಿಯೇ ಮಾಡುತ್ತದೆ. ಒಂದೂ ಕಣವಿಲ್ಲದ ಫಿಲ್ಟರ್ ಕೊಟ್ಟರೆ, ಫಿಲ್ಟರಿನ ನಾರಿನ ಮಂದ ಹೊಳಪನ್ನೇ ಕಣ ಅಂತ ಬೇರೆ ಮಾಡಿಕೊಡುತ್ತದೆ. ಇನ್ನೊಂದು ಚಿತ್ರದಲ್ಲಿ ಪ್ರಖರವಾದ ದೊಡ್ಡ ತುಣುಕುಗಳಿದ್ದರೆ ಗಡಿ ಮೇಲಕ್ಕೆ ಹೋಗಿ, ಮಂಕಾದ ಸಣ್ಣ ಕಣಗಳು ಮಾಯ. ಅಂದರೆ ಪ್ರತಿ ಫೋಟೋಗೂ ನನ್ನ ಅಳತೆಗೋಲು ಬೇರೆ ಬೇರೆ. ಕೊನೆಗೊಂದು ದಿನ ಬರೀ ಡಿಸ್ಟಿಲ್ಡ್ ವಾಟರ್ ಸೋಸಿ ನೋಡಿದೆ. ಕೆರೆ ನೀರಿಗಿಂತ ಅದರಲ್ಲೇ ಕಣಗಳು ಜಾಸ್ತಿ ಬಂದವು.

ಒಂದೇ ಗಡಿ ಇಟ್ಟು ಎಲ್ಲವನ್ನೂ ಮತ್ತೆ ಎಣಿಸೋಣ ಅಂದರೆ, ಕ್ಯಾಮೆರಾ ಆಟೋ ಎಕ್ಸ್‌ಪೋಶರ್‌ನಲ್ಲಿತ್ತು, ಪ್ರತಿ ಫೋಟೋಗೂ ಬೆಳಕನ್ನು ತಾನೇ ಹೊಂದಿಸಿಕೊಳ್ಳುತ್ತಿತ್ತು. ಒಂದು ಫೋಟೋದ ಹೊಳಪನ್ನು ಇನ್ನೊಂದಕ್ಕೆ ಹೋಲಿಸುವ ಹಾಗೇ ಇರಲಿಲ್ಲ. ಫಿಲ್ಟರ್‌ಗಳನ್ನು ಅಷ್ಟರಲ್ಲಿ ಎಸೆದಾಗಿತ್ತು.

ಹಾಗಾಗಿ ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ಹಾಕಿ; ಎಕ್ಸ್‌ಪೋಶರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಯಾವುದೂ ಕದಲಬಾರದು. ಪ್ರತಿ ಬ್ಯಾಚ್ ಜೊತೆ ಒಂದು ಬ್ಲ್ಯಾಂಕ್ ಇರಲೇಬೇಕು. ಶುದ್ಧ ನೀರನ್ನು ಅದೇ ಪೆರಾಕ್ಸೈಡ್, ಅದೇ ಬಣ್ಣ, ಅದೇ ಬಾಟಲಿಗಳಲ್ಲಿ ಹಾಯಿಸಿ. ಥ್ರೆಶೋಲ್ಡ್ ಗಡಿಯನ್ನು ಆ ಬ್ಲ್ಯಾಂಕ್‌ಗಳನ್ನು ನೋಡಿ ಗೊತ್ತುಮಾಡಿ, ಎಲ್ಲ ಚಿತ್ರಕ್ಕೂ ಅದನ್ನೇ ಹಾಕಿ. ಪಾಲಿಯೆಸ್ಟರ್ ಬಟ್ಟೆ ತೊಟ್ಟು ಲ್ಯಾಬಿಗೆ ಹೋಗಬೇಡಿ, ಅದರ ಎಳೆಗಳೂ ಎಣಿಕೆಗೆ ಸೇರಿಬಿಡುತ್ತವೆ.

ಇಷ್ಟಾದರೂ ಹೊಳೆದದ್ದೆಲ್ಲ ಪ್ಲಾಸ್ಟಿಕ್ ಅಲ್ಲ. ಕರಗದೆ ಉಳಿದ ಕೊಬ್ಬಿಗೂ ನೈಲ್ ರೆಡ್ ಹಿಡಿಯುತ್ತದೆ. ಟೈರಿನ ಕಪ್ಪು ಪುಡಿ ಹೊಳೆಯುವುದೇ ಕಷ್ಟ. ಕೆಲವು ಕಣಗಳನ್ನಾದರೂ ಎಫ್‌ಟಿಐಆರ್ ಅಥವಾ ರಾಮನ್‌ನಲ್ಲಿ (ಬೆಳಕು ಬಿಟ್ಟು ಕಣ ಯಾವ ವಸ್ತು ಅಂತ ಗುರುತಿಸುವ ಉಪಕರಣಗಳು) ಪರೀಕ್ಷಿಸಿ. ಅಲ್ಲಿ ಖಚಿತವಾದದ್ದನ್ನೇ ಮಾಡೆಲ್‌ಗೆ ಕಲಿಸಬೇಕು. ಕಣ್ಣಂದಾಜಿನಲ್ಲಿ ಲೇಬಲ್ ಹಾಕಿದರೆ ಯೊಲೊ ಆಗಲಿ ಯು-ನೆಟ್ ಆಗಲಿ ನಿಮ್ಮ ಅಂದಾಜನ್ನೇ ಕಲಿಯುತ್ತದೆ.

ಇವತ್ತೇ ಆ 200 ಫೋಟೋಗಳ ಎಕ್ಸಿಫ್ ಮಾಹಿತಿ, ಅಂದರೆ ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಸೆಟ್ಟಿಂಗ್‌ಗಳನ್ನು, ತೆಗೆದು ನೋಡಿ. ಎಕ್ಸ್‌ಪೋಶರ್ ಎಲ್ಲದರಲ್ಲೂ ಒಂದೇ ಇಲ್ಲದಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ. ಅಲ್ಲಿಯವರೆಗೆ ಫಿಲ್ಟರ್‌ಗಳನ್ನು ಎಸೆಯಬೇಡಿ.